ನಾಲ್ಕು ನೋಡ್, ಒಂದೇ ಕಂಪ್ಯೂಟರ್: ಬಿಬಿಎಸ್‌ಗೆ ಡೆಸ್ಕ್‌ವ್ಯೂನಾ, ಓಎಸ್/2ನಾ, ವಿಂಡೋಸಾ, ಲಿನಕ್ಸಾ?

ಹಳೇ ಕಾಲದ ಬುಲೆಟಿನ್ ಬೋರ್ಡನ್ನು (ಬಿಬಿಎಸ್), ಅಂದರೆ ಜನ ಫೋನ್ ಲೈನಿನಲ್ಲಿ ಕರೆ ಮಾಡಿ ಬಂದು ಮೆಸೇಜ್ ಬರೆಯುವ, ಫೈಲ್ ಇಳಿಸಿಕೊಳ್ಳುವ, ಆಟ ಆಡುವ ಕಂಪ್ಯೂಟರನ್ನು, ಮತ್ತೆ ಎಬ್ಬಿಸಿ ಓಡಿಸಬೇಕು ಅನ್ನುವ ಹುಚ್ಚು ಈಗ ಮೈಸೂರು, ಮಂಡ್ಯದ ಕಡೆಯೂ ಕೆಲವರಿಗೆ ಹತ್ತಿದೆ. ಯಾರು ಕೇಳಿದರೂ ಮೊದಲ ಪ್ರಶ್ನೆ ಒಂದೇ: ಯಾವ ಬಿಬಿಎಸ್ ಸಾಫ್ಟ್‌ವೇರ್ ಹಾಕಲಿ? ಅದಕ್ಕೂ ಮುಂಚೆ ತೀರ್ಮಾನ ಆಗಬೇಕಾದದ್ದು ಅದರ ಕೆಳಗೆ ಯಾವ ಆಪರೇಟಿಂಗ್ ಸಿಸ್ಟಮ್ ಇರಬೇಕು ಎಂಬುದು. ಒಬ್ಬರೇ ಬಂದು ಹೋಗುವ ಬೋರ್ಡಾದರೆ ಬರೀ ಡಾಸ್ (ವಿಂಡೋಸ್‌ಗೂ ಮುಂಚಿನ ಆಪರೇಟಿಂಗ್ ಸಿಸ್ಟಮ್) ಸಾಕು. 1978ರ ಫೆಬ್ರವರಿ 16ರಂದು ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ್‍ಯಾಂಡಿ ಸೂಸ್ ಶುರು ಮಾಡಿದ ಮೊದಲ ಬೋರ್ಡಿನಲ್ಲೂ ಒಮ್ಮೆಗೆ ಒಬ್ಬರೇ. ಎರಡನೆಯವರು ಅದೇ ಹೊತ್ತಿಗೆ ಬಂದಾಗ ತಲೆನೋವು ಶುರುವಾಗುತ್ತದೆ. ಡಾಸ್‌ಗೆ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಗೊತ್ತು. ಆಗಿನ ಸಿಸಾಪ್‌ಗಳು, ಅಂದರೆ ಬೋರ್ಡ್ ನಡೆಸುವವರು, ಒಂದೊಂದು ಲೈನಿಗೆ ಒಂದೊಂದು ಪಿಸಿ ಇಟ್ಟು ಲ್ಯಾನ್ ಎಳೆಯುತ್ತಿದ್ದರು. ಇಲ್ಲವೇ ಒಂದೇ ಪಿಸಿಯ ಮೇಲೆ ಒಟ್ಟಿಗೆ ಹಲವು ಪ್ರೋಗ್ರಾಂ ನಡೆಸುವ ಮಲ್ಟಿಟಾಸ್ಕಿಂಗ್ ವ್ಯವಸ್ಥೆ ಹಾಕಿ ನಾಲ್ಕು ನೋಡ್, ಅಂದರೆ ಬಂದವರೊಬ್ಬೊಬ್ಬರಿಗೆ ಬಿಬಿಎಸ್‌ನ ಒಂದೊಂದು ಪ್ರತಿ, ಓಡಿಸುತ್ತಿದ್ದರು. ಈ ಬರಹ ಎರಡನೇ ದಾರಿಯ ಬಗ್ಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಬಳಿಗೆ ಬರುವವರೆಲ್ಲ ಇಂಟರ್‌ನೆಟ್ ಮೂಲಕವೇ ಬರುತ್ತಾರೆ ಅಂದರೆ ಲಿನಕ್ಸ್ ಹಾಕಿ, ಅದಕ್ಕಾಗಿಯೇ ಬರೆದ ಬಿಬಿಎಸ್ ಹಾಕಿ. ಡಾಸ್ ಕಾಲದ ಬೋರ್ಡನ್ನೇ ಹಳೇ ಕಂಪ್ಯೂಟರಿನಲ್ಲಿ, ಸೀರಿಯಲ್ ಪೋರ್ಟ್ (ಮೋಡೆಮ್ ಜೋಡಿಸುವ ಕಿಂಡಿ) ಸಮೇತ ಓಡಿಸಬೇಕು ಅಂದರೆ ಐಬಿಎಂನ ಓಎಸ್/2. ಮೆಮೊರಿ ಕಮ್ಮಿ ಇರುವ 386 ಅಥವಾ 486 ಪಿಸಿ ಕೈಗೆ ಸಿಕ್ಕಿದ್ದರೆ ಡಾಸ್ ಮೇಲೆ ಕೂರುವ ಡೆಸ್ಕ್‌ವ್ಯೂ. ವಿಂಡೋಸ್ ಕೊನೆಗೆ. ಹೀಗೇಕೆ ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ: ಬರುವ ಅಕ್ಷರವನ್ನು ಹೊತ್ತಿಗೆ ಸರಿಯಾಗಿ ಹಿಡಿಯುವವರು ಯಾರು, ಸುಮ್ನೆ ಕಾಯುವಾಗ ಪ್ರೊಸೆಸರನ್ನು ಬಿಟ್ಟುಕೊಡುವವರು ಯಾರು.

ಫೋನ್ ಲೈನಾ, ನೆಟ್ಟಾ?

ನಿಜವಾದ ಮೋಡೆಮ್, ನಿಜವಾದ ಫೋನ್ ಲೈನ್ ಅನ್ನುವ ಆಸೆ ಇದ್ದರೆ ಮೊದಲು ನಿಮ್ಮ ಲ್ಯಾಂಡ್‌ಲೈನ್ ತಾಮ್ರದ ತಂತಿಯದೋ ಫೈಬರಿನದೋ ನೋಡಿಕೊಳ್ಳಿ. ಫೈಬರಿನ ಫೋನ್ ದನಿಯನ್ನು ಪ್ಯಾಕೆಟ್ ಮಾಡಿ ಕಳಿಸುತ್ತದೆ. ಮಾತಿಗೆ ಅದು ಚೆನ್ನಾಗಿಯೇ ಇದೆ, ಮೋಡೆಮ್‌ಗೆ ಒಗ್ಗುವುದಿಲ್ಲ. ವೇಗ ಇಳಿಸಿದರೂ ಆಗಾಗ ಸಂಪರ್ಕ ಕಡಿಯಬಹುದು.

ಇದಕ್ಕೆ ಒಳ್ಳೆಯ ಮಧ್ಯದ ದಾರಿ ಇದೆ. ಇಎಸ್‌ಪಿ8266 ಚಿಪ್ ಹಾಕಿದ ವೈಫೈ ಮೋಡೆಮ್ ಬೋರ್ಡ್. ಒಂದು ಕಡೆ ಸೀರಿಯಲ್ ಪೋರ್ಟ್, ಇನ್ನೊಂದು ಕಡೆ ವೈಫೈ. ಹಳೇ ಸಾಫ್ಟ್‌ವೇರಿಗೆ ಇದು ಥೇಟ್ ಹೇಯ್ಸ್ ಮೋಡೆಮ್ ಥರ ಎಟಿ ಆದೇಶಗಳಿಗೆ (ಡಯಲ್ ಮಾಡು, ಫೋನ್ ಎತ್ತು ಅಂತ ಮೋಡೆಮ್‌ಗೆ ಹೇಳುವ ಸಾಲುಗಳು) ಉತ್ತರ ಕೊಡುತ್ತದೆ, ಹೊರಗೆ ಟೆಲ್‌ನೆಟ್ (ನೆಟ್ ಮೂಲಕ ದೂರದ ಕಂಪ್ಯೂಟರಿನ ಜೊತೆ ಅಕ್ಷರದಲ್ಲಿ ಮಾತಾಡುವ ಹಳೇ ವಿಧಾನ) ಆಗಿ ಕಾಣುತ್ತದೆ. ನೀವೇ ಬೆಸುಗೆ ಹಾಕುವವರಾದರೆ ಸೀರಿಯಲ್ ಪೋರ್ಟಿನ ವೋಲ್ಟೇಜಿಗೆ ಹೊಂದಿಸಲು ನಡುವೆ ಒಂದು ಮ್ಯಾಕ್ಸ್3232 ಚಿಪ್ ಬೇಕೇ ಬೇಕು. ಅದಿಲ್ಲದೆ ನೇರ ಜೋಡಿಸಿದರೆ ಬೋರ್ಡ್ ಸುಟ್ಟುಹೋಗುತ್ತದೆ.

ಅಕ್ಷರ ಹಿಡಿಯುವ ಕೆಲಸ

ಸೀರಿಯಲ್ ಪೋರ್ಟ್ ಬಳಸುವವರು ಮಾತ್ರ ಇದನ್ನು ಓದಿದರೆ ಸಾಕು. ಆದರೆ ಅವರು ಓದಲೇಬೇಕು.

ಸೀರಿಯಲ್ ಲೈನಿನಲ್ಲಿ ಒಂದು ಅಕ್ಷರಕ್ಕೆ ಸಾಮಾನ್ಯವಾಗಿ 10 ಬಿಟ್ ಖರ್ಚು. ಪೋರ್ಟ್ ವೇಗ 38,400 ಇಟ್ಟರೆ ಸೆಕೆಂಡಿಗೆ 3,840 ಅಕ್ಷರ. ಅಂದರೆ ಒಂದೊಂದು ಅಕ್ಷರದ ನಡುವೆ ಸುಮಾರು 260 ಮೈಕ್ರೋಸೆಕೆಂಡ್. ಸೀರಿಯಲ್ ಪೋರ್ಟ್ ನಡೆಸುವ ಹಳೇ 8250 ಮತ್ತು 16450 ಚಿಪ್‌ಗಳಲ್ಲಿ ಒಂದೇ ಅಕ್ಷರಕ್ಕೆ ಜಾಗ. ಆ 260 ಮೈಕ್ರೋಸೆಕೆಂಡಿನೊಳಗೆ ಪ್ರೊಸೆಸರ್ ಬಂದು ಎತ್ತಿಕೊಳ್ಳದಿದ್ದರೆ ಮುಂದಿನ ಅಕ್ಷರ ಅದರ ಮೇಲೆ ಬಿದ್ದು ಹಳೆಯದು ಹೋಯಿತು. ಬರೀ ಡಾಸ್‌ನಲ್ಲಿ ಇದು ಹೇಗೋ ನಡೆಯುತ್ತದೆ. ಮಲ್ಟಿಟಾಸ್ಕಿಂಗ್ ಬಂದಾಗ ಇಂಟರಪ್ಟ್, ಅಂದರೆ ಅಕ್ಷರ ಬಂತು ಅಂತ ಚಿಪ್ ಪ್ರೊಸೆಸರನ್ನು ಕೂಗುವ ಸಂಕೇತ, ಮೊದಲು ಮೇಲ್ವಿಚಾರಕ ಪ್ರೋಗ್ರಾಮಿಗೆ ಹೋಗಿ, ಅಲ್ಲಿಂದ ಸರಿಯಾದ ಕಿಟಕಿಗೆ ಬರಬೇಕು. ಅಷ್ಟರಲ್ಲಿ ಹೊತ್ತು ಮೀರುತ್ತದೆ.

16550ಎ ಚಿಪ್‌ನಲ್ಲಿ 16 ಅಕ್ಷರಕ್ಕೆ ಜಾಗ ಇದೆ. ಎಂಟು ತುಂಬಿದಾಗ ಕೂಗು ಅಂತ ಹೊಂದಿಸಿದರೆ ಇನ್ನೂ ಎಂಟು ಅಕ್ಷರದ ಸಮಯ, ಅಂದರೆ ಎರಡು ಮಿಲಿಸೆಕೆಂಡ್, ಕೈಯಲ್ಲಿ ಉಳಿಯುತ್ತದೆ. ಅಷ್ಟಿದ್ದರೆ ಕೆಲಸ ಆರಾಮ. ಕೊನೆಯ ಆ 'ಎ' ಮುಖ್ಯ. 'ಎ' ಇಲ್ಲದ ಮೊದಲ 16550ಯಲ್ಲಿ ಈ ಬಫರ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಹಳೇ ಕಾರ್ಡ್ ಕೊಳ್ಳುವಾಗ ಚಿಪ್ ಮೇಲೆ ಬರೆದಿರುವುದನ್ನು ಓದಿಯೇ ದುಡ್ಡು ಕೊಡಿ.

ಇನ್ನೊಂದು ತೊಡಕು ಇಂಟರಪ್ಟ್ ಸಂಖ್ಯೆಯದು (ಐಆರ್‌ಕ್ಯೂ). ಸೀರಿಯಲ್ ಪೋರ್ಟ್‌ಗಳಲ್ಲಿ ಕಾಮ್1 ಮತ್ತು ಕಾಮ್3 ಎರಡೂ ಮಾಮೂಲಿಯಾಗಿ ಐಆರ್‌ಕ್ಯೂ 4ರಲ್ಲಿ, ಕಾಮ್2 ಮತ್ತು ಕಾಮ್4 ಐಆರ್‌ಕ್ಯೂ 3ರಲ್ಲಿ ಕೂತಿರುತ್ತವೆ. ಎರಡು ಪೋರ್ಟ್ ಒಟ್ಟಿಗೆ ಕೆಲಸ ಮಾಡಬೇಕಾದರೆ ಕಾರ್ಡಿನ ಜಂಪರ್ ಬದಲಿಸಿ ಬೇರೆ ಬೇರೆ ಐಆರ್‌ಕ್ಯೂ ಕೊಡಬೇಕು. ಇದಾವುದನ್ನೂ ನೋಡದೆ ಆಪರೇಟಿಂಗ್ ಸಿಸ್ಟಮ್ ಸರಿಯಿಲ್ಲ ಅನ್ನುವವರು ಜಾಸ್ತಿ.

ಕಾಯುವ ಕೆಲಸ

ಬಿಬಿಎಸ್ ತನ್ನ ಹೊತ್ತಿನ ಬಹುಪಾಲು ಸುಮ್ನೆ ಕಾಯುತ್ತದೆ. ಕರೆ ಬರಲಿ ಅಂತ, ಬಂದವರು ಕೀ ಒತ್ತಲಿ ಅಂತ. ಡಾಸ್ ಪ್ರೋಗ್ರಾಂ ಕಾಯುವುದು ಹೇಗೆ ಗೊತ್ತಾ? "ಕೀ ಬಂತಾ? ಬಂತಾ? ಬಂತಾ?" ಅಂತ ಸೆಕೆಂಡಿಗೆ ಸಾವಿರಾರು ಸಲ ಕೇಳುತ್ತಾ. ಹೋಟೆಲಿನಲ್ಲಿ ಒಬ್ಬನೇ ಸಪ್ಲೈಯರ್ ಇದ್ದು, ಒಂದು ಟೇಬಲ್ಲಿನವರು ಅವನನ್ನು ಅಲುಗಾಡಲೂ ಬಿಡದೆ "ದೋಸೆ ಆಯ್ತಾ?" ಅಂತ ಕೇಳುತ್ತಲೇ ಇದ್ದರೆ ಉಳಿದ ಟೇಬಲ್ಲುಗಳ ಗತಿ ಏನು, ಹಾಗೆ. ಖಾಲಿ ಕೂತಿರುವ ಮೂರು ನೋಡ್‌ಗಳು ಸೇರಿ, ಫೈಲ್ ಇಳಿಸಿಕೊಳ್ಳುತ್ತಿರುವ ನಾಲ್ಕನೆಯದನ್ನು ತೆವಳುವಂತೆ ಮಾಡುತ್ತವೆ.

ಒಳ್ಳೆಯ ಬಿಬಿಎಸ್‌ಗಳು "ನನಗೀಗ ಕೆಲಸ ಇಲ್ಲ, ನನ್ನ ಪಾಲು ಬೇರೆಯವರಿಗೆ ಕೊಡಿ" ಅಂತ ತಾವೇ ಹೇಳುತ್ತವೆ. ಡೆಸ್ಕ್‌ವ್ಯೂಗೆ ಅದನ್ನು ಹೇಳುವ ಕರೆ ಬೇರೆ. ವಿಂಡೋಸ್ ಮತ್ತು ಓಎಸ್/2ಗೆ ಹೇಳುವ ಕರೆ ಬೇರೆ. ಆದ್ದರಿಂದ ನಿಮ್ಮ ಬಿಬಿಎಸ್‌ನ ಸೆಟಪ್ಪಿನಲ್ಲಿ "ಮಲ್ಟಿಟಾಸ್ಕರ್ ಯಾವುದು" ಅಂತ ಕೇಳುವ ಸಾಲು ಇದ್ದರೆ ಅದನ್ನು ಖಾಲಿ ಬಿಡಬೇಡಿ. ಇಡೀ ಸೆಟಪ್ಪಿನಲ್ಲಿ ಅತಿ ಹೆಚ್ಚು ಪರಿಣಾಮ ಬೀರುವ ಸಾಲು ಅದೇ ಇರಬಹುದು. ನಿಜವಾದ ಕಾಟ ಡೋರ್ ಆಟಗಳದ್ದು, ಅಂದರೆ ಬಿಬಿಎಸ್ ಹೊರಗಿನಿಂದ ಕರೆದು ಓಡಿಸುವ ಬೇರೆ ಪ್ರೋಗ್ರಾಂಗಳದ್ದು. ಬಿಬಿಎಸ್ ಸಭ್ಯವಾಗಿದ್ದರೂ ಅದು ಕರೆಯುವ ಆಟ ಸಭ್ಯವಾಗಿರಬೇಕಲ್ಲ. ಹಾಗಾಗಿ ಆಯ್ಕೆ ಮಾಡುವಾಗ ನೀವು ಬಿಡಲಾರೆ ಅನ್ನುವ ಅತಿ ಹಠಮಾರಿ ಡೋರ್ ಯಾವುದೋ ಅದನ್ನೇ ಹಾಕಿ ಪರೀಕ್ಷೆ ಮಾಡಿ.

ಡೆಸ್ಕ್‌ವ್ಯೂ

ಕ್ವಾರ್ಟರ್‌ಡೆಕ್ ಕಂಪನಿಯ ಡೆಸ್ಕ್‌ವ್ಯೂ ಡಾಸ್ ಮೇಲೆಯೇ ಕೂರುತ್ತದೆ. ಜೊತೆಗೆ ಅದೇ ಕಂಪನಿಯ ಕ್ಯೂಇಎಂಎಂ ಎಂಬ ಮೆಮೊರಿ ಮ್ಯಾನೇಜರ್ ಬೇಕು. 386ರ ಮೇಲೆ ಒಂದೊಂದು ನೋಡ್‌ಗೂ ಬೇರೆ ಬೇರೆ ಡಾಸ್ ಕಿಟಕಿ ಸಿಗುತ್ತದೆ. ಕಿಟಕಿಗೆ 512 ಕೆಬಿ ಅಂತ ಇಟ್ಟರೂ ನಾಲ್ಕಕ್ಕೆ 2 ಎಂಬಿ. ಹಾಗಾಗಿ 8 ಎಂಬಿ ಇರುವ ಕಂಪ್ಯೂಟರಿನಲ್ಲಿ ನಾಲ್ಕು ನೋಡ್ ಸಲೀಸು. ಇಷ್ಟು ಕಮ್ಮಿಯಲ್ಲಿ ಇಷ್ಟು ಕೆಲಸ ಬೇರೆ ಯಾವುದೂ ಮಾಡುವುದಿಲ್ಲ.

ಫಾಸಿಲ್ ಡ್ರೈವರನ್ನು, ಅಂದರೆ ಬಿಬಿಎಸ್‌ಗೂ ಸೀರಿಯಲ್ ಪೋರ್ಟಿಗೂ ನಡುವೆ ನಿಲ್ಲುವ ಎಕ್ಸ್00 ಥರದ ಪ್ರೋಗ್ರಾಮನ್ನು, ಡೆಸ್ಕ್‌ವ್ಯೂಗಿಂತ ಮುಂಚೆ ಲೋಡ್ ಮಾಡಿ. ಆಗ ಎಲ್ಲ ಕಿಟಕಿಗೂ ಒಂದೇ ಡ್ರೈವರ್ ಸೇವೆ ಕೊಡುತ್ತದೆ. ಫೈಲಿಗೆ ಬೀಗ ಹಾಕುವ ಡಾಸ್‌ನ ಶೇರ್ ಪ್ರೋಗ್ರಾಂ ಕೂಡ ಮೊದಲೇ ಇರಬೇಕು. ಅದಿಲ್ಲದಿದ್ದರೆ ಎರಡು ನೋಡ್ ಒಂದೇ ಹೊತ್ತಿಗೆ ಮೆಸೇಜ್ ಫೈಲಿಗೆ ಬರೆದು ಎರಡೂ ಸೇರಿ ಕಲಸುಮೇಲೋಗರ. ಆಮೇಲೆ ಟಿಕ್‌ಗಳು. ಪಿಸಿಯ ಗಡಿಯಾರ ಸೆಕೆಂಡಿಗೆ 18.2 ಸಲ ಬಡಿಯುತ್ತದೆ, ಡೆಸ್ಕ್‌ವ್ಯೂ ಅದೇ ಲೆಕ್ಕದಲ್ಲಿ ಸಮಯ ಹಂಚುತ್ತದೆ. ಮುಂದಿರುವ ಕಿಟಕಿಗೆ ಜಾಸ್ತಿ, ಹಿಂದಿನವಕ್ಕೆ ಕಮ್ಮಿ ಕೊಡುವುದು ಮನೆಯವರು ಕೂತು ಕೆಲಸ ಮಾಡುವ ಪಿಸಿಗೆ ಸರಿ. ಬಿಬಿಎಸ್‌ಗೆ ಎರಡೂ ಸಮ ಇರಬೇಕು, ಎರಡೂ ಚಿಕ್ಕದಿರಬೇಕು.

ಕೊರತೆ ಒಂದೇ, ಆದರೆ ದೊಡ್ಡದು. ಕೆಳಗಿರುವುದು ಡಾಸ್ ತಾನೆ. ಒಂದು ಕಿಟಕಿಯ ಡೋರ್ ಕೆಟ್ಟದಾಗಿ ಬಿದ್ದರೆ ಇಡೀ ಕಂಪ್ಯೂಟರ್ ಬೀಳುವುದು ಮಾಮೂಲಿ.

ಓಎಸ್/2

ಸ್ವಲ್ಪ ಹೆಚ್ಚು ಮಾತಾಡಬೇಕಾದ ಆಯ್ಕೆ ಇದು. 1992ರಲ್ಲಿ ಬಂದ ಓಎಸ್/2 2.0, 386ರ ಸೌಲಭ್ಯ ಬಳಸಿ ಒಂದೊಂದು ಡಾಸ್ ಸೆಷನ್ನನ್ನೂ ಬೇರೆ ಗೋಡೆ ಹಾಕಿ ಇಟ್ಟಿತು. ಒಂದು ನೋಡ್ ಬಿದ್ದರೆ ಅದೊಂದನ್ನೇ ಮುಚ್ಚಿ ತೆಗೆಯಬಹುದು. ಪಕ್ಕದ ನೋಡಿನವರಿಗೆ ಸುದ್ದಿಯೇ ಗೊತ್ತಾಗುವುದಿಲ್ಲ. 1994ರಲ್ಲಿ ವಾರ್ಪ್ 3 ಬಂದ ಮೇಲೆ ಬಹಳ ಸಿಸಾಪ್‌ಗಳು ಡೆಸ್ಕ್‌ವ್ಯೂ ಬಿಟ್ಟು ಈ ಕಡೆ ಬಂದದ್ದು ಇದೇ ಕಾರಣಕ್ಕೆ. ಶೇರ್ ಬೇರೆಯಾಗಿ ಹಾಕುವುದು ಬೇಡ, ಫೈಲ್ ಬೀಗ ಒಳಗೇ ಇದೆ.

ಓಎಸ್/2 ಜೊತೆ ಬರುವ ಕಾಮ್ ಡ್ರೈವರನ್ನು ತೆಗೆದು ರೇ ಗ್ವಿನ್ ಬರೆದ ಎಸ್‌ಐಓ ಹಾಕಿ. ಎಕ್ಸ್00 ಬರೆದವರೂ ಅವರೇ. ಎಸ್‌ಐಓ ಜೊತೆಗಿನ ವಿಎಕ್ಸ್00 ಡಾಸ್ ಸೆಷನ್‌ಗಳಿಗೆ ಫಾಸಿಲ್ ಒದಗಿಸುತ್ತದೆ. ಅಕ್ಷರ ಹಿಡಿಯುವ ಕೆಲಸ ಓಎಸ್/2ರ ಮಟ್ಟದಲ್ಲೇ ಮುಗಿಯುವುದರಿಂದ ಡಾಸ್ ಸೆಷನ್ ಸ್ವಲ್ಪ ತಡವಾಗಿ ಎದ್ದರೂ ನಷ್ಟ ಇಲ್ಲ. ಎಸ್‌ಐಓದಲ್ಲಿ ಟೆಲ್‌ನೆಟ್ ಕರೆಯನ್ನು ಮೋಡೆಮ್ ಥರ ತೋರಿಸುವ ಅಂಗವೂ ಇದೆ, ವೈಫೈ ಮೋಡೆಮ್ ಬೋರ್ಡ್ ಬೇಡವೆನ್ನುವವರಿಗೆ ಅದು.

ಇನ್ನು ಒಂದೊಂದು ಡಾಸ್ ಸೆಷನ್ನಿನ ಸೆಟ್ಟಿಂಗ್ಸ್. ಅಲ್ಲಿರುವ ಉದ್ದ ಪಟ್ಟಿ ನೋಡಿ ಗಾಬರಿ ಆಗಬೇಡಿ, ಮುಟ್ಟಬೇಕಾದದ್ದು ಕೆಲವೇ. ಮೊದಲನೆಯದು ಐಡಲ್ ಸೆನ್ಸಿಟಿವಿಟಿ. ಮೊದಲೇ 75 ಅಂತ ಇರುತ್ತದೆ. ಪ್ರೋಗ್ರಾಂ ಪದೇ ಪದೇ ಕೇಳುತ್ತಿದ್ದರೆ ಓಎಸ್/2 ಅದನ್ನು "ಸುಮ್ನೆ ಕಾಯುತ್ತಿದೆ" ಅಂತ ಊಹಿಸಿ ಸಮಯ ಕಡಿಮೆ ಮಾಡುತ್ತದೆ. ಸಂಖ್ಯೆ ಇಳಿಸಿದಷ್ಟೂ ಈ ಊಹೆ ಬೇಗ ಆಗುತ್ತದೆ. 100 ಇಟ್ಟರೆ ಊಹೆಯೇ ಇಲ್ಲ. ಫೈಲ್ ಕಳಿಸುವ ಪ್ರೋಗ್ರಾಮೂ ಪೋರ್ಟನ್ನು ಪದೇ ಪದೇ ಕೇಳುತ್ತದೆ, ಅದನ್ನೂ ಖಾಲಿ ಅಂತ ತಪ್ಪು ತಿಳಿದುಬಿಟ್ಟರೆ ವೇಗ ಬೀಳುತ್ತದೆ. ಆದ್ದರಿಂದ ತಾನೇ ಪಾಲು ಬಿಟ್ಟುಕೊಡುವ ಬಿಬಿಎಸ್‌ಗೆ 100, ಬಿಟ್ಟುಕೊಡದ ಹಠಮಾರಿಗೆ ಕಮ್ಮಿ. ಎರಡನೆಯದು ಕಾಮ್ ಹೋಲ್ಡ್. ಬಿಬಿಎಸ್ ಮಧ್ಯದಲ್ಲಿ ಬೇರೆ ಪ್ರೋಗ್ರಾಮನ್ನು ಕರೆದಾಗ ಪೋರ್ಟ್ ಕೈತಪ್ಪಿ ಬೇರೆ ಸೆಷನ್ನಿಗೆ ಹೋಗದಂತೆ ಹಿಡಿದಿಡುತ್ತದೆ. ಮೂರನೆಯದು ಇಎಂಎಸ್, ಎಕ್ಸ್‌ಎಂಎಸ್, ಡಿಪಿಎಂಐ ಮೆಮೊರಿ ಮಿತಿಗಳು. ಬಿಬಿಎಸ್ ಬಳಸದ ಮೆಮೊರಿಯನ್ನು ಸೊನ್ನೆ ಮಾಡಿ, ಉಳಿತಾಯ.

ಡಾಸ್ ಬೋರ್ಡೇ ಆಗಬೇಕೆಂಬ ಹಠ ಇಲ್ಲದಿದ್ದರೆ ಮ್ಯಾಕ್ಸಿಮಸ್ ಎಂಬ ಬಿಬಿಎಸ್‌ನ ಓಎಸ್/2 ಆವೃತ್ತಿ ನೋಡಿ. ಅದು ಓಎಸ್/2ಗೆಂದೇ ಕಟ್ಟಿದ್ದು, ಕಾಯುವಾಗ ಗಲಾಟೆ ಇಲ್ಲ. 2002ರಲ್ಲಿ ಅದರ ಮೂಲ ಕೋಡ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಹೊರಬಂತು. ಹೊಸ ಯಂತ್ರದಲ್ಲಿ ಓಎಸ್/2 ಬೇಕೆನ್ನುವವರಿಗೆ 2017ರಿಂದ ಆರ್ಕಾಓಎಸ್ ಸಿಗುತ್ತದೆ, ದುಡ್ಡು ಕೊಟ್ಟು ತಗೋಬೇಕು.

ನಮ್ಮ ಊರಿನ ಮಟ್ಟಿಗೆ ಓಎಸ್/2ರ ದೊಡ್ಡ ಕಿರಿಕಿರಿ ಕರೆಂಟ್. ಓಎಸ್/2ರ ಫೈಲ್ ವ್ಯವಸ್ಥೆ ಎಚ್‌ಪಿಎಫ್‌ಎಸ್ ಡಿಸ್ಕ್ ಮೇಲಿದ್ದು ದಿಢೀರ್ ಆಫ್ ಆದರೆ ಮುಂದಿನ ಸಲ ಡಿಸ್ಕ್ ತಪಾಸಣೆ ಮುಗಿಯುವ ತನಕ ಬೋರ್ಡ್ ಏಳುವುದಿಲ್ಲ. ಭರಣಿ ಮಳೆಯ ಗುಡುಗಿನ ಸಂಜೆಗಳಲ್ಲಿ ಒಂದೇ ದಿನ ಎರಡು ಮೂರು ಸಲ ಇದನ್ನು ನೋಡಬೇಕಾದೀತು. ಯುಪಿಎಸ್ ಇಲ್ಲದೆ ಓಎಸ್/2 ಇಡಬೇಡಿ.

ವಿಂಡೋಸ್

ವಿಂಡೋಸ್ 3.1 ಬೇಡ, ಅಷ್ಟೇ. ವಿಂಡೋಸ್ 95 ಮತ್ತು 98 ನಡೆಯುತ್ತವೆ. ಡಾಸ್ ಕಿಟಕಿಗಳ ನಡುವೆ ಸಮಯ ಸರಿಯಾಗಿಯೇ ಹಂಚುತ್ತವೆ, ವಿನ್‌ಫಾಸಿಲ್ ಅನ್ನುವ ಡ್ರೈವರ್ ಇದೆ. ಕಿಟಕಿಯ ಪ್ರಾಪರ್ಟೀಸ್‌ನಲ್ಲಿ ಹಿನ್ನೆಲೆಯಲ್ಲಿದ್ದಾಗ ನಿಲ್ಲಿಸು ಎಂಬ ಗುರುತು ತೆಗೆಯಿರಿ, ಸ್ಕ್ರೀನ್ ಸೇವರ್ ತೆಗೆಯಿರಿ, ಐಡಲ್ ಸೆನ್ಸಿಟಿವಿಟಿ ಇಳಿಸಿ. ಇಲ್ಲಿ ಜಾರುಪಟ್ಟಿ ಇಳಿಸಿದರೆ ಪ್ರೋಗ್ರಾಮಿಗೆ ಸಮಯ ಜಾಸ್ತಿ ಸಿಗುತ್ತದೆ. ಓಎಸ್/2ರಲ್ಲಿ ಇದೇ ಹೆಸರಿನ ಸೆಟ್ಟಿಂಗ್ ತದ್ವಿರುದ್ಧ, ಎರಡನ್ನೂ ಬಳಸುವವರು ಗಮನ ಇಡಿ. ಈ ಎರಡು ವಿಂಡೋಸ್‌ಗಳಲ್ಲೂ 49.7 ದಿನ ಸತತವಾಗಿ ಓಡಿದರೆ ಒಳಗಿನ ಗಡಿಯಾರದ ಎಣಿಕೆ ತುಂಬಿ ಕಂಪ್ಯೂಟರ್ ನಿಂತುಹೋಗುವ ದೋಷ ಇತ್ತು. ನಮ್ಮಲ್ಲಿ ಅಷ್ಟು ದಿನ ಕರೆಂಟ್ ಹೋಗದೆ ಇದ್ದರೆ ತಾನೆ!

ಎನ್‌ಟಿ ವಂಶದ 32 ಬಿಟ್ ವಿಂಡೋಸ್ ಮೇಲೆ ನೆಟ್‌ಫಾಸ್ ಎಂಬ ಫಾಸಿಲ್ ಡ್ರೈವರ್ ಹಾಕಿದರೆ ಡಾಸ್ ಬಿಬಿಎಸ್‌ಗಳು ನೇರವಾಗಿ ಟೆಲ್‌ನೆಟ್‌ಗೆ ಬರುತ್ತವೆ. ಬಹಳ ವರ್ಷ ಇದೇ ಸುಲಭದ ದಾರಿ ಆಗಿತ್ತು. ಈಗ ಆ ಬಾಗಿಲು ಮುಚ್ಚುತ್ತಿದೆ. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಓಡಿಸುವ ವ್ಯವಸ್ಥೆಯೇ ಇಲ್ಲ, ವಿಂಡೋಸ್ 11 ಬಂದಿರುವುದು 64 ಬಿಟ್ಟಿನಲ್ಲಿ ಮಾತ್ರ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸದಾಗಿ ಶುರು ಮಾಡುವವರು ಇದರ ಮೇಲೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಲಿನಕ್ಸ್

ಸಿಂಕ್ರೋನೆಟ್, ಮಿಸ್ಟಿಕ್, ಎನಿಗ್ಮಾ ಎಂಬ ಮೂರು ಬಿಬಿಎಸ್‌ಗಳೂ ಲಿನಕ್ಸ್ ಮೇಲೆ ನೇರವಾಗಿ ಓಡುತ್ತವೆ. ಫಾಸಿಲ್ ಬೇಡ, ಶೇರ್ ಬೇಡ, ಟಿಕ್ ಬೇಡ. ಸಿಂಕ್ರೋನೆಟ್‌ನಲ್ಲಿ ಟೆಲ್‌ನೆಟ್ ನೋಡ್ ಎಷ್ಟರಿಂದ ಎಷ್ಟರವರೆಗೆ ಅಂತ ಒಂದು ಐಎನ್‌ಐ ಫೈಲಿನಲ್ಲಿ ಎರಡು ಸಂಖ್ಯೆ ಬರೆದರೆ ಮುಗಿಯಿತು. ಮುಕ್ತ ಕೋಡ್, ಇನ್ನೂ ಬೆಳೆಯುತ್ತಿದೆ, ನನ್ನ ಒಲವು ಅದರ ಕಡೆ. ಮಿಸ್ಟಿಕ್ ಕಲಿಯಲು ಸ್ವಲ್ಪ ಸುಲಭ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಸಿದ್ಧ ಆವೃತ್ತಿ ಇದೆ, ಉಚಿತ. ಆದರೆ ಕೋಡ್ ನೋಡಲು ಸಿಗುವುದಿಲ್ಲ.

ಕಷ್ಟ ಬರುವುದು ಹಳೇ ಡಾಸ್ ಡೋರ್‌ಗಳಿಂದ. ಮಾಮೂಲಿ ಇಂಟೆಲ್ ಪಿಸಿಯಲ್ಲಿ, ಲಿನಕ್ಸ್ ಒಳಗೆ ಡಾಸ್ ಓಡಿಸುವ ಡಾಸ್‌ಎಮು2 ಒಳ್ಳೆಯದು. ಪೈಯ ಪ್ರೊಸೆಸರ್ ಬೇರೆ ಜಾತಿಯದಾದ್ದರಿಂದ ಅಲ್ಲಿ ಡಾಸ್‌ಬಾಕ್ಸ್ ಹಾಕಿ ಇಡೀ ಪ್ರೊಸೆಸರನ್ನೇ ಅನುಕರಿಸಬೇಕು. ನಾಲ್ಕು ಜನ ನಾಲ್ಕು ಡೋರ್ ಆಡಿದರೆ ನಾಲ್ಕು ಡಾಸ್‌ಬಾಕ್ಸ್, ಚಿಕ್ಕ ಪೈಗೆ ಅದು ಭಾರವೇ. ಎರಡು ಡಾಸ್‌ಬಾಕ್ಸ್ ಒಂದೇ ಡೇಟಾ ಫೈಲಿಗೆ ಕೈಹಾಕುವಂತಿದ್ದರೆ ಬೀಗವನ್ನು ನಂಬಬೇಡಿ, ಆ ಆಟವನ್ನು ಒಮ್ಮೆಗೆ ಒಬ್ಬರಿಗೆ ಅಂತ ಇಟ್ಟುಬಿಡಿ. ಡೋರ್ ಶುರುವಾಗುತ್ತಲೇ "ರನ್‌ಟೈಮ್ ಎರರ್ 200" ಅಂತ ಬಿದ್ದರೆ ನಿಮ್ಮ ಸೆಟಪ್ ತಪ್ಪಿಲ್ಲ. ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಂಗಳು ಶುರುವಿನಲ್ಲಿ ಪ್ರೊಸೆಸರಿನ ವೇಗ ಅಳೆಯುತ್ತವೆ. ಈಗಿನ ವೇಗಕ್ಕೆ ಆ ಲೆಕ್ಕ 16 ಬಿಟ್‌ನಲ್ಲಿ ಹಿಡಿಯದೆ ಒಡೆಯುತ್ತದೆ. ಡೋರ್ ಫೈಲಿಗೆ ಪ್ಯಾಚ್ ಹಾಕಿ, ಇಲ್ಲವೇ ಡಾಸ್‌ಬಾಕ್ಸ್‌ನಲ್ಲಿ ಸೈಕಲ್ ಕಮ್ಮಿ ಮಾಡಿ.

ಟೆಲ್‌ನೆಟ್‌ನ ಪೋರ್ಟ್ 23 ತೆರೆದ ಕೂಡಲೇ ಬಾಟ್‌ಗಳು, ಅಂದರೆ ತಾವಾಗಿಯೇ ನೆಟ್ ಜಾಲಾಡುವ ಪ್ರೋಗ್ರಾಂಗಳು, ಮುತ್ತಿಕೊಳ್ಳುತ್ತವೆ. 2016ರ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ ಇದೇ ಟೆಲ್‌ನೆಟ್ ಬಾಗಿಲು ತಟ್ಟಿ ಕ್ಯಾಮೆರಾ, ರೌಟರ್‌ಗಳನ್ನು ವಶ ಮಾಡಿಕೊಂಡದ್ದು. ಇಂಥ ಬಾಟ್‌ಗಳು ನಿಮ್ಮ ನೋಡ್‌ಗಳನ್ನೆಲ್ಲ ತುಂಬಿಕೊಂಡು ನಿಜವಾದ ಮನುಷ್ಯರಿಗೆ "ಬಿಝಿ" ಅನ್ನಿಸುತ್ತವೆ. ಬೇರೆ ಪೋರ್ಟ್ ಕೊಡಿ, ಜೊತೆಗೆ ಎಸ್‌ಎಸ್‌ಎಚ್ (ಗುಟ್ಟಾಗಿ ಮಾತಾಡುವ ಟೆಲ್‌ನೆಟ್ ಥರದ್ದು) ಕೊಡಿ, ಪದೇ ಪದೇ ಬರುವ ವಿಳಾಸವನ್ನು ತಾನಾಗಿಯೇ ತಡೆಯುವ ಸೆಟ್ಟಿಂಗ್ ಹಾಕಿ.

ಯಾವುದೇ ಆಯ್ಕೆಯಾದರೂ

ನೋಡ್‌ಗೊಂದು ಡೈರೆಕ್ಟರಿ ಇರಲಿ. ಡೋರ್‌ಗೆ ಕರೆದವರ ವಿವರ ದಾಟಿಸುವ ಡ್ರಾಪ್ ಫೈಲ್ ಅಲ್ಲೇ ಹುಟ್ಟಬೇಕು. ಎಲ್ಲ ನೋಡೂ ಒಂದೇ ಕಡೆ ಬರೆದರೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಆಟ ಆಡುತ್ತಾರೆ. ತಾತ್ಕಾಲಿಕ ಫೈಲುಗಳ ಜಾಗ, ಟ್ರಾನ್ಸ್‌ಫರ್ ಲಾಗ್ ಕೂಡ ನೋಡ್‌ಗೊಂದೊಂದು. ರಾತ್ರಿ ಮೆಸೇಜ್ ಬೇಸ್ ಪ್ಯಾಕ್ ಮಾಡುವ ಕೆಲಸಕ್ಕೆ ಮುಂಚೆ ಎಲ್ಲ ನೋಡ್ ಕೆಳಗಿಳಿದಿರಬೇಕು. ಇದಕ್ಕೆ ಸೆಮಾಫೋರ್ ಫೈಲ್ (ಅದು ಇದ್ದರೆ ಸಾಕು, ನೋಡ್‌ಗಳಿಗೆ ಸೂಚನೆ ಸಿಕ್ಕಂತೆ) ಬಳಸಿ, ಗಡಿಯಾರ ನಂಬಬೇಡಿ.

ಕರೆಂಟ್ ಬಿಲ್ಲು, ಐಪಿ, ಕನ್ನಡ

ಹಳೇ 486, ಮಾನಿಟರ್ ಆಫ್ ಇದ್ದರೂ, 60 ವಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ದಿನವಿಡೀ ಓಡಿದರೆ ತಿಂಗಳಿಗೆ 43 ಯೂನಿಟ್. 5 ವಾಟಿನ ಪೈಗೆ ನಾಲ್ಕು ಯೂನಿಟ್ಟೂ ಇಲ್ಲ. ಗೃಹಜ್ಯೋತಿಯಲ್ಲಿರುವ ಮನೆಯ ಬಳಕೆ ಆಗಲೇ 160, 170ರ ಹತ್ತಿರ ಇದ್ದರೆ ಈ 43 ಸೇರಿ 200 ದಾಟುತ್ತದೆ. ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಆಗ ಮನೆಯಲ್ಲಿ ಓಎಸ್/2ರ ಗುಣಗಾನ ಮಾಡಿ ಪ್ರಯೋಜನ ಇಲ್ಲ. ಹಳೇ ಯಂತ್ರವನ್ನು ವಾರಾಂತ್ಯದ ಸಂಜೆಗಳಿಗೆ ಮಾತ್ರ ಇಟ್ಟು, ಸದಾ ಓಡುವ ಬೋರ್ಡನ್ನು ಪೈ ಮೇಲೆ ಇಡುವುದು ಜಾಣತನ. ಪೈಗೆ ಎಸ್‌ಡಿ ಕಾರ್ಡ್ ಬದಲು ಎಸ್‌ಎಸ್‌ಡಿ ಹಾಕಿ.

ಮನೆಯ ಫೈಬರ್ ಸಂಪರ್ಕದಲ್ಲಿ ರೌಟರಿನ ಹೊರ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನಿಮಗೆ ಸ್ವಂತ ಐಪಿ ಇಲ್ಲ ಅಂತ ಅರ್ಥ, ಹೊರಗಿನಿಂದ ಯಾರೂ ಬರಲಾರರು. ನಮ್ಮ ಬೀದಿಯ ಸೇವೆಯವರಿಗೆ ಇದನ್ನು ವಿವರಿಸಲು ಹೋದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಅಂದರು. ಸ್ಟ್ಯಾಟಿಕ್ ಐಪಿ ಬೇಕು ಅಂತ ನೇರವಾಗಿ ಕೇಳಿ, ಹೆಚ್ಚಿನ ದುಡ್ಡು ಕೇಳುತ್ತಾರೆ. ಅಥವಾ ಬಾಡಿಗೆ ಸರ್ವರ್ ಒಂದರಿಂದ ಎಸ್‌ಎಸ್‌ಎಚ್ ಸುರಂಗ ಹಾಕಿ.

ಕನ್ನಡದಲ್ಲೇ ಬೋರ್ಡ್ ನಡೆಸುವ ಆಸೆ ಇದ್ದರೆ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ. ಡಾಸ್ ಬೋರ್ಡ್‌ಗಳ ಅಕ್ಷರ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಯುಟಿಎಫ್-8ರಲ್ಲಿ "ಮೈಸೂರು" ಕಳಿಸಿದರೆ ಅದು 18 ಬೈಟ್. ಪರದೆಯ ಮೇಲೆ ಕಾಣುವುದು ಮೂರು ಅಕ್ಷರ, ಡಾಸ್ ಪ್ರೋಗ್ರಾಂ ಲೆಕ್ಕ ಹಾಕುವುದು 18 ಕಾಲಂ. 80 ಕಾಲಮ್ಮಿನ ಮೆನು ಚೌಕಟ್ಟು ಅಲ್ಲೇ ಚದುರುತ್ತದೆ. ಯುಟಿಎಫ್-8 ಟರ್ಮಿನಲ್ ಅರ್ಥವಾಗುವ ಸಿಂಕ್ರೋನೆಟ್ ಥರದ್ದನ್ನು ಲಿನಕ್ಸ್ ಮೇಲೆ ಹಾಕಿದರೆ ಮೆಸೇಜುಗಳು ಕನ್ನಡದಲ್ಲಿ ನಡೆಯುತ್ತವೆ. ಆದರೂ ಒತ್ತಕ್ಷರಗಳನ್ನು ಒಂದೊಂದು ಟರ್ಮಿನಲ್ ಒಂದೊಂದು ಅಗಲದಲ್ಲಿ ಬರೆಯುತ್ತದೆ. ಹಾಗಾಗಿ ಕನ್ನಡ ಮೆನುವಿಗೆ ಬಲಗಡೆ ಗೆರೆ ಎಳೆಯಬೇಡಿ, ಸಾಲುಗಳು ಎಡಕ್ಕೆ ಕೂತು ಬಲಕ್ಕೆ ಎಲ್ಲಿಯಾದರೂ ಮುಗಿಯಲಿ.